ಸ್ಕೀ ಗಾಗಲ್: ತಾನೇ ಕಪ್ಪಾಗುವ ಲೆನ್ಸೋ, ಎರಡು ಲೆನ್ಸೋ?

ಗಾಗಲ್ ಕೊಳ್ಳುವಾಗ ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅಂತ ಮೊದಲು ನೋಡಿ. ಲೆನ್ಸಿನ ದರ್ಜೆ ಎಸ್3 ಎಂದಿದ್ದರೆ ಶೇ. 8ರಿಂದ 18ರಷ್ಟು, ಚುರುಕು ಬಿಸಿಲಿಗೆ ಸರಿ. ಎಸ್1 ಆದರೆ ಶೇ. 43ರಿಂದ 80, ಮೋಡ ಕವಿದಾಗ, ಹಿಮ ಬೀಳುವಾಗ ಬೇಕಾದದ್ದು ಇದೇ. ಆಗ ಕಪ್ಪು ಲೆನ್ಸ್ ಹಾಕಿಕೊಂಡು ಇಳಿದರೆ ಉಬ್ಬುತಗ್ಗು ಕಾಣುವುದೇ ಇಲ್ಲ, ಎಲ್ಲಾ ಒಂದೇ ಬಿಳಿ.

ಫೋಟೋಕ್ರೋಮಿಕ್ ಲೆನ್ಸ್ ಬಿಸಿಲಿಗೆ ತಾನೇ ಕಪ್ಪಾಗುತ್ತದೆ. ಆರಾಮ, ಅಲ್ವಾ? ಆದರೆ ಬಿಸಿಲಿನಿಂದ ಮರಗಳ ನೆರಳಿಗೆ ನುಗ್ಗಿದಾಗ ತಿಳಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಚಳಿಯಲ್ಲಂತೂ ಇನ್ನೂ ನಿಧಾನ. ಮ್ಯಾಗ್ನೆಟ್‌ನಿಂದ ಕೂರುವ ಎರಡು ಲೆನ್ಸ್ ಇದ್ದರೆ ತಕ್ಷಣ ಬದಲಿಸಬಹುದು. ಆದರೆ ಇನ್ನೊಂದನ್ನು ಗೀರು ಬೀಳದಂತೆ ಜೇಬಿನಲ್ಲಿ ಹೊತ್ತು ತಿರುಗಬೇಕು. ಬಜೆಟ್ ಇದ್ದರೆ ನನ್ನ ಓಟು ಎರಡು ಲೆನ್ಸಿಗೇ.

ಲೆನ್ಸ್ ಉಬ್ಬಿರಬೇಕೋ ಚಪ್ಪಟೆಯೋ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪದರದ್ದಾಗಿರಲಿ, ಮಂಜು ಕಟ್ಟುವುದು ಕಡಿಮೆ. ಒದ್ದೆಯಾದ ಒಳಮೈಯನ್ನು ಉಜ್ಜಿದರೆ ಲೇಪನ ಹಾಳಾಗುತ್ತದೆ. ಕನ್ನಡಕ ಹಾಕುವವರು ಓಟಿಜಿ (ಕನ್ನಡಕದ ಮೇಲೆಯೇ ಹಾಕಬಹುದಾದ) ಮಾದರಿ ಕೇಳಿ. ಹೆಲ್ಮೆಟ್ ಜೊತೆಗೇ ಹಾಕಿ ನೋಡಿ: ಹಣೆಯ ಹತ್ತಿರ ಬೆರಳು ತೂರುವಷ್ಟು ಸಂದು ಉಳಿದರೆ, ಎಷ್ಟೇ ದುಬಾರಿಯದ್ದಾದರೂ ಬೇಡ.