ಹಳೆ ಕಲ್ಲುಗೋಡೆಯ ಹಸಿ ಕಲೆ: ಫಾಯಿಲ್, ಮೀಟರ್, ತಕ್ಕಡಿ

ಗಂಗಾವತಿ, ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಎಷ್ಟೋ ಕಡೆ ನೆಲ ಸವಳು. ಅಲ್ಲಿ ಮಣ್ಣು, ಸುಣ್ಣದಲ್ಲಿ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆಯ ಬುಡಕ್ಕೆ ಕಲೆ ಬಿತ್ತೆಂದರೆ ಎರಡು ಅನುಮಾನ: ನೀರು ಕೆಳಗಿಂದ ಏರುತ್ತಿದೆಯೋ, ಗೋಡೆಯಲ್ಲಿ ಕೂತ ಉಪ್ಪು ಗಾಳಿಯ ಪಸೆ ಹೀರುತ್ತಿದೆಯೋ. ಕಣ್ಣಿಗೆ ಎರಡೂ ಒಂದೇ. ಯಾವುದೆಂದು ತಿಳಿಯಲು ಮೂರು ವಿಧಾನ: ಫಾಯಿಲ್ ಹಾಳೆ, ತೇವದ ಮೀಟರ್, ತಕ್ಕಡಿ. ಮೂರನ್ನೂ ಇಂಥ ಗೋಡೆಗಳ ಮೇಲೆ ಮಾಡಿ ನೋಡಿದ್ದಾಗಿದೆ.

ಫಾಯಿಲ್ ಅಗ್ಗ. ಚಪಾತಿ ಸುತ್ತುವ ಹಾಳೆಯನ್ನು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು ಎರಡು ದಿನ ಬಿಡಿ. ಹೊರಮೈಗೆ ಹನಿ ಬಂದರೆ ಕೋಣೆಯ ಗಾಳಿಯದು, ಒಳಮೈಗೆ ಬಂದರೆ ಗೋಡೆಯದು. ಆದರೆ ಪುಡಿ ಏಳುವ ಸುಣ್ಣಕ್ಕೆ ಟೇಪು ಹಿಡಿಯುವುದಿಲ್ಲ. ರಾಯಚೂರಿನ ಮೇ ತಿಂಗಳ ಒಣ ಗಾಳಿಯಲ್ಲಿ ಹೊರಮೈಗೆ ಹನಿ ಕಟ್ಟುವ ಮಾತೇ ಇಲ್ಲ. ಜುಲೈ, ಆಗಸ್ಟಿನಲ್ಲಿ ಮಾಡಿದರೆ ಚೂರು ಉಪಯೋಗ.

ಗೋಡೆಗೆ ಒತ್ತಿ ತೇವ ನೋಡುವ ಎರಡು ಮುಳ್ಳಿನ ಮೀಟರಿನ ಅಂಕಿ ಮರಕ್ಕೆಂದು ಹಾಕಿದ್ದು. ಅದು ಅಳೆಯುವುದು ವಿದ್ಯುತ್ ಹರಿವನ್ನು, ನೀರನ್ನಲ್ಲ. ಉಪ್ಪಿದ್ದಲ್ಲಿ ತುಸು ಪಸೆಗೇ ಅಂಕಿ ಮೇಲಕ್ಕೆ ಹಾರುತ್ತದೆ. ಅರ್ಧರ್ಧ ಅಡಿಗೆ ಮುಳ್ಳು ಒತ್ತಿ, ಪೆನ್ಸಿಲಿನಲ್ಲಿ ಅಂಕಿ ಬರೆದು ಕಲೆಯ ಗಡಿ ಗುರುತಿಸಲಷ್ಟೇ ಇಟ್ಟುಕೊಳ್ಳಿ. ಇದೇ ಅಂಕಿ ತೋರಿಸಿ, ನೀರು ಏರದಂತೆ ಗೋಡೆಗೆ ತುಂಬುವ ಕೆಮಿಕಲ್ ಇಂಜೆಕ್ಷನ್ ಮಾರುವವರಿದ್ದಾರೆ, ಹುಷಾರು.

ನಮ್ಮ ಮತ ತಕ್ಕಡಿಗೆ. ನೆಲದಿಂದ 15, 60, 120 ಸೆಂ.ಮೀ. ಎತ್ತರದಲ್ಲಿ, ಕಲ್ಲು ಬಿಟ್ಟು ಸಂದಿನ ಗಾರೆಗೇ, 10 ಮಿ.ಮೀ. ಬಿಟ್ ಹಾಕಿ 8 ಸೆಂ.ಮೀ. ಕೊರೆಯಿರಿ. ವೇಗ ನಿಧಾನವಿರಲಿ, ಇಲ್ಲದಿದ್ದರೆ ಬಿಸಿಗೆ ಪುಡಿ ಅಲ್ಲೇ ಒಣಗುತ್ತದೆ. ಮೊದಲು ಬರುವ ಗಿಲಾವಿನ ಪುಡಿ ಚೆಲ್ಲಿ, ಒಳಗಿನದನ್ನು ತಕ್ಷಣ ಮುಚ್ಚಳದ ಡಬ್ಬಿಗೆ ಹಾಕಿ. ತಲಾ 5 ಗ್ರಾಂ ಸಾಕು, ಅಕ್ಕಸಾಲಿಗರ 0.01 ಗ್ರಾಂ ತಕ್ಕಡಿ ಬೇಕು.

ತೂಗಿದ ಪುಡಿಯನ್ನು ಬಟ್ಟಲಲ್ಲಿ ಹರಡಿ ಗಾಳಿಯಾಡದ ಡಬ್ಬದಲ್ಲಿಡಿ. ಪಕ್ಕದಲ್ಲಿ ಇನ್ನೊಂದು ಬಟ್ಟಲು: ಕರಗದೆ ತಳದಲ್ಲಿ ಉಳಿಯುವಷ್ಟು ಅಡುಗೆ ಉಪ್ಪು ಬೆರೆಸಿದ ನೀರು. ಅದು ಡಬ್ಬದ ಗಾಳಿಯ ತೇವವನ್ನು ಶೇ. 75ರ ಆಸುಪಾಸಿಗೆ ಹಿಡಿದಿಡುತ್ತದೆ. ತೂಕ ಬದಲಾಗುವುದು ನಿಲ್ಲುವ ತನಕ ದಿನಕ್ಕೊಮ್ಮೆ ತೂಗಿ, ವಾರವೂ ಆಗಬಹುದು. ತೂಕ ಇಳಿದರೆ ಉಪ್ಪು ಹಿಡಿದಿಡುವುದಕ್ಕಿಂತ ಹೆಚ್ಚು ನೀರು ಗೋಡೆಯಲ್ಲಿತ್ತು. ಇದ್ದಷ್ಟೇ ಇದ್ದರೆ, ಇಲ್ಲವೆ ಏರಿದರೆ, ಕಲೆ ಮೂಡಿಸಲು ಆ ಉಪ್ಪೊಂದೇ ಸಾಕು.

ಬುಡದ ಪುಡಿ ಇಳಿದು 120 ಸೆಂ.ಮೀ.ನದು ಏರುವುದೂ ಉಂಟು: ಕೆಳಗೆ ನೀರು, ಅದು ಆರುವ ಮೇಲಂಚಿನಲ್ಲಿ ಉಪ್ಪು. ಆಗ ಮೊದಲು ಬಚ್ಚಲ ನೀರಿನ ದಾರಿ, ಹೊರಗೆ ಏರಿಸಿದ ಮಣ್ಣು, ಸಿಮೆಂಟ್ ಗಿಲಾವು ನೋಡಿ. ಮೇಲಿನ ಉಪ್ಪು ಗಿಲಾವನ್ನು ಕೆತ್ತಿ ಸುಣ್ಣದ ಗಾರೆ ಹಾಕುವುದು ಬುಡ ಒಣಗಿದ ಮೇಲೆ.