ಬೀದರ್‌ನವರೇ, ಆ ‘ಲೈವ್ ಆರ್ಕೆಸ್ಟ್ರಾ’ ಟಿಕೆಟ್ ತೆಗೆದುಕೊಳ್ಳುವ ಮೊದಲು ಇದನ್ನು ಓದಿ

ನಮ್ಮ ಕಲಬುರಗಿಯಲ್ಲಿ ಆ ಶೋ ನೋಡಿ ಮೋಸಹೋದವನು ನಾನು, ಅದೇ ಶೋ ಈಗ ನಿಮ್ಮೂರಿಗೆ ಬರುತ್ತಿದೆ. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಏಳು ಟಿಕೆಟ್, ಒಂದಕ್ಕೆ 1,200 ರೂಪಾಯಿ. ಒಟ್ಟು 8,400 ಹೋಯಿತು. ಆದರೆ ಹಣಕ್ಕಿಂತ ಜಾಸ್ತಿ ಉರಿಯುತ್ತಿರುವುದು ಬೇರೆ. ಉಳಿದ ಆರು ಜನರನ್ನು ಕರೆದುಕೊಂಡು ಹೋದವನು ನಾನು. ‘ಬರ್ರಿ, ಇಂಥಾದ್ದು ನಮ್ಮೂರಾಗ ಮತ್ತ ಸಿಗಂಗಿಲ್ಲ’ ಅಂತ ಬೆನ್ನು ಬಿದ್ದವನು ನಾನು. ಅವರಲ್ಲಿ ಒಬ್ಬರು ನನ್ನ ಪಿಟೀಲು ಗುರುಗಳು. ಎಪ್ಪತ್ತು ದಾಟಿದ ಮನುಷ್ಯ. ಅವರ ಮುಖ ನೋಡಲು ನನಗೆ ಇವತ್ತಿಗೂ ಆಗುತ್ತಿಲ್ಲ.

ಪೋಸ್ಟರ್ ನೀವೂ ನೋಡಿರಬಹುದು. ಪ್ರಯೋಗದ ರಾಕ್ ಬ್ಯಾಂಡ್, ಜೊತೆಗೆ ಲೈವ್ ಆರ್ಕೆಸ್ಟ್ರಾ, ಕಲ್ಯಾಣ ಕರ್ನಾಟಕ ಪ್ರವಾಸ. ಹಿಂದೆ ಸಾಲು ಸಾಲಾಗಿ ಕರಿ ಬಟ್ಟೆ ಹಾಕಿಕೊಂಡು ಕೂತ ಪಿಟೀಲಿನವರ ಫೋಟೊ. ಬ್ಯಾಂಡಿನ ಹಾಡುಗಳನ್ನು ಮೊದಲೇ ಕೇಳಿದ್ದೆ. ಗಿಟಾರ್ ಮೇಲೆ ಕಮಾನು ಎಳೆಯುತ್ತಾರೆ, ತಬಲಾದ ಸದ್ದನ್ನು ಮುರಿದು ಬೇರೆ ಥರ ಜೋಡಿಸುತ್ತಾರೆ. ನನಗೆ ಇಷ್ಟವಾಗಿತ್ತು. ಇಂಥದ್ದು ನೋಡಬೇಕೆಂದರೆ ಕಲಬುರಗಿಯವರು ಬೆಂಗಳೂರಿಗೋ ಹೈದರಾಬಾದಿಗೋ ಗಾಡಿ ಹತ್ತಬೇಕು. ಈಗ ಅವರೇ ನಮ್ಮೂರಿಗೆ ಬರುತ್ತಿದ್ದಾರೆ ಅಂದರೆ ಬಿಡುವುದು ಹೇಗೆ?

ಆಯೋಜಕರಿಗೆ ಫೋನ್ ಮಾಡಿ ಕೇಳಿದೆ ಕೂಡ. ‘ಆರ್ಕೆಸ್ಟ್ರಾದಾಗ ಎಷ್ಟು ಮಂದಿ ಬರ್ತಾರ್ರಿ?’ ‘ನಲ್ವತ್ತು ಮಂದಿ ಸರ್, ಬಸ್ಸೇ ಬುಕ್ ಮಾಡೀವಿ.’ ಬಾಯಿಮಾತು. ಮೆಸೇಜಿನಲ್ಲಿ ಬರೆಸಿಕೊಳ್ಳಲಿಲ್ಲ.

ಗುರುಗಳು ಮೊದಲು ಒಪ್ಪಲಿಲ್ಲ. ‘ಆ ಗದ್ದಲದಾಗ ನಾ ಏನ್ ಮಾಡ್ಲಿ ತಮ್ಮಾ?’ ಅಂದರು. 1999ರಲ್ಲಿ ಮೆಟಾಲಿಕಾ ಬ್ಯಾಂಡ್ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಅನ್ನುವ ದೊಡ್ಡ ಆರ್ಕೆಸ್ಟ್ರಾ ಜೊತೆ ನುಡಿಸಿದ ವಿಡಿಯೊ ತೋರಿಸಿದೆ. ಪೂರ್ತಿ ನೋಡಿದರು. ಅಷ್ಟೊಂದು ಕಮಾನುಗಳು ಒಟ್ಟಿಗೆ ಏರಿ ಇಳಿಯುವುದನ್ನು ನೋಡಿ, ‘ಹಿಂಗಿದ್ರ ಬರ್ತೀನಿ’ ಅಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಂದರು.

ಏಳು ಗಂಟೆಗೆ ಅಂದಿದ್ದರು, ಶುರುವಾಗಿದ್ದು ಎಂಟೂವರೆಗೆ. ಅದು ಬಿಡಿ. ಸ್ಟೇಜ್ ಮೇಲೆ ಎಡಗಡೆ ಎಂಟು ಕುರ್ಚಿ. ಎಂಟೇ. ಉಳಿದವರು ಆಮೇಲೆ ಬರಬಹುದು ಅಂದುಕೊಂಡೆ. ಯಾರೂ ಬರಲಿಲ್ಲ. ‘ಇವರು ವಾದ್ಯ ಸುರಿಗೆ ಮಿಲಾಯ್ಸಂಗಿಲ್ಲೇನು?’ ಅಂತ ಗುರುಗಳು ಕೇಳಿದರು. ನಿಜವಾದ ಆರ್ಕೆಸ್ಟ್ರಾದಲ್ಲಿ ಒಬೋ ಅನ್ನುವ ಊದುವ ವಾದ್ಯದವರು ಒಂದು ಸ್ವರ ಹಿಡಿಯುತ್ತಾರೆ, ಉಳಿದವರೆಲ್ಲ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಇಲ್ಲಿ ಒಬೋನೂ ಇಲ್ಲ, ಹೊಂದಿಸುವುದೂ ಇಲ್ಲ. ಬಂದರು, ಕೂತರು, ಲೈಟ್ ಆರಿತು.

ಮೂರನೇ ಹಾಡು ನಡೆಯುತ್ತಿತ್ತು. ಗುರುಗಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಕಿವಿ ಹತ್ತಿರ ಬಂದರು. ‘ತಮ್ಮಾ, ಅವರ ಕೈ ನೋಡು. ಕಮಾನು ಎಳೀಲತ್ತಾರ. ಕೇಳ್ಸ್ಲತ್ತಿದ್ದು ಬೆರಳಿನಿಂದ ಮೀಟಿದ್ದು.’

ನೋಡಿದೆ. ನಿಜ. ಸ್ಪೀಕರಿನಿಂದ ಟಿಣ್ ಟಿಣ್ ಅಂತ ತಂತಿ ಮೀಟಿದ ಸದ್ದು. ಸ್ಟೇಜ್ ಮೇಲೆ ಎಂಟೂ ಜನ ಉದ್ದಕ್ಕೆ ಕಮಾನು ಎಳೆಯುತ್ತಿದ್ದಾರೆ. ಅವರ ಮುಂದೆ ಒಂದು ಮೈಕ್ ಇಲ್ಲ. ಪಿಟೀಲಿಗೆ ಒಂದು ವೈರ್ ಇಲ್ಲ. ಕೀಬೋರ್ಡ್ ಪಕ್ಕದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಒಂದೊಂದು ಹಾಡಿಗೂ ಒಂದೊಂದು ಸಲ ಒತ್ತುತ್ತಿದ್ದ. ಅಷ್ಟೇ. ನಲವತ್ತು ಜನರ ಆರ್ಕೆಸ್ಟ್ರಾ ಅಂದರೆ ಅದು. ಕಣ್ಣಿಗೆ ಬಿದ್ದ ಮೇಲೆ ಬೇರೆ ಏನೂ ಕಾಣಲಿಲ್ಲ ನನಗೆ. ಮೈಯೆಲ್ಲ ಬಿಸಿಯಾಯಿತು. ಗುರುಗಳು ಕೊನೆಯವರೆಗೂ ಕೂತರು, ನನಗೆ ಬೇಜಾರಾಗಬಾರದು ಅಂತ.

ಹೊರಗೆ ಆ ಎಂಟು ಜನರಲ್ಲಿ ಒಬ್ಬ ಹುಡುಗ ಸಿಕ್ಕ. ಕೇಳಿದ್ದಕ್ಕೆ ತಲೆ ತಗ್ಗಿಸಿದ. ‘ನಾವ್ ಮದುವ್ಯಾಗ ಬಾರಿಸೋರು ಅಣ್ಣಾ. ಕೂತು ಕಮಾನ ಆಡ್ಸ್ರಿ ಅಂದ್ರು.’ ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಆಯೋಜಕರ ಮೇಲೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಆರ್ಕೆಸ್ಟ್ರಾ ಅಂದೀವಿ, ಆರ್ಕೆಸ್ಟ್ರಾ ಬಂದದಲ್ರಿ ಸರ್. ಗಣೇಶ ಹಬ್ಬದಾಗ ನಿಮ್ಮ ಓಣ್ಯಾಗ ಆರ್ಕೆಸ್ಟ್ರಾ ಇಡ್ತಾರಲ್ಲ, ಅದಕ್ಕಿಂತ ಜಾಸ್ತಿ ಮಂದಿ ಇದ್ರು.’

ಮತ್ತೆ ಓದಿ ಇದನ್ನು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಕೀಬೋರ್ಡ್, ಪ್ಯಾಡ್, ಇಬ್ಬರು ಸಿನಿಮಾ ಹಾಡು ಹಾಡುವವರು ಅಂತ ಅವರಿಗೂ ಗೊತ್ತು. ಹಾಗಾದರೆ ಪೋಸ್ಟರಿನ ಫೋಟೊ? ‘ಅದು ಸುಮ್ನೆ ಡಿಸೈನಿಗೆ ಹಾಕಿದ್ದು ಸರ್.’ ನಲವತ್ತು ಜನ ಅಂದಿದ್ದು? ‘ಯಾರು ಹೇಳಿದ್ರು? ಬರೆದದ್ದು ತೋರ್ಸ್ರಿ.’ ಬರೆದದ್ದು ನನ್ನ ಹತ್ತಿರ ಎಲ್ಲಿದೆ? ಕೊನೆಗೆ, ‘ಎಲ್ಲಾ ಮಂದಿ ಕುಣುದ್ರು, ನಿಮಗೊಬ್ಬರಿಗೇ ತಕರಾರು. ಬೇಕಂದ್ರ ಬೀದರ್ ಶೋಕ್ಕ ಎರಡು ಪಾಸ್ ಕೊಡ್ತೀವಿ.’ ಅದೇ ಮೋಸವನ್ನು ಇನ್ನೊಂದು ಸಲ ಪುಕ್ಕಟೆ ನೋಡಬೇಕಂತೆ! ಹಣ ವಾಪಸ್ ಕೊಡಿ ಅಂದ ಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ಬ್ಯಾಂಡ್ ಕೆಟ್ಟದಾಗಿರಲಿಲ್ಲ. ಗಿಟಾರ್, ಡ್ರಮ್ಸ್ ಎಲ್ಲ ನಿಜವಾಗಿಯೇ ನುಡಿಸಿದರು. ಅವರಷ್ಟೇ ಬರುತ್ತಾರೆ ಅಂದಿದ್ದರೂ ನಾನು ಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಬೇಕಿತ್ತು? ಕಲಬುರಗಿಯವರಿಗೆ ಇಷ್ಟು ಸಾಕು, ಇವರಿಗೇನು ಗೊತ್ತಾಗುತ್ತದೆ ಅಂತ ಅಂದುಕೊಂಡರಾ?

ಈಗ ನೋಡಿದರೆ ಮೊದಲೇ ಅನುಮಾನ ಬರಬೇಕಿತ್ತು. ಎಮರ್ಸನ್, ಲೇಕ್ ಆಂಡ್ ಪಾಮರ್ ಅಂತ ದೊಡ್ಡ ಹೆಸರಿನ ಬ್ಯಾಂಡ್. 1977ರಲ್ಲಿ ದೊಡ್ಡ ಆರ್ಕೆಸ್ಟ್ರಾ ಕಟ್ಟಿಕೊಂಡು ಅಮೆರಿಕದಲ್ಲಿ ಪ್ರವಾಸ ಹೊರಟಿತು. ಖರ್ಚು ತಡೆಯಲಾರದೆ ಕೆಲವೇ ಶೋಗಳಾದ ಮೇಲೆ ಆರ್ಕೆಸ್ಟ್ರಾವನ್ನು ಬಿಡಬೇಕಾಯಿತು. ಅವರಿಗೇ ಆಗದ್ದು 1,200 ರೂಪಾಯಿ ಟಿಕೆಟಿನಲ್ಲಿ, ನಲವತ್ತು ಜನರ ಬಸ್ಸು, ಲಾಡ್ಜ್, ಊಟ ಸೇರಿ ಆಗುತ್ತದೆಯೇ? ಇನ್ನೊಂದು, ಪೋಸ್ಟರಿನಲ್ಲಿ ಆರ್ಕೆಸ್ಟ್ರಾಕ್ಕೆ ಹೆಸರೇ ಇರಲಿಲ್ಲ. ಡೀಪ್ ಪರ್ಪಲ್ ಬ್ಯಾಂಡ್ 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದಾಗ ಜೊತೆಗಿದ್ದದ್ದು ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ, ಮುಂದೆ ನಿಂತು ಆರ್ಕೆಸ್ಟ್ರಾ ನಡೆಸಿದವರು ಮಾಲ್ಕಮ್ ಆರ್ನಾಲ್ಡ್. ಇವತ್ತಿಗೂ ಹೆಸರು ಹಿಡಿದು ಹೇಳಬಹುದು. ನಿಜವಾದ ಆರ್ಕೆಸ್ಟ್ರಾ ಬರುವುದಿದ್ದರೆ ಹೆಸರು ಹಾಕುತ್ತಾರೆ, ಮುಚ್ಚಿಡುವುದಿಲ್ಲ.

ಹಾಗಾಗಿ ಯಾವ ಆರ್ಕೆಸ್ಟ್ರಾ, ಎಷ್ಟು ಜನ, ನಡೆಸುವವರು ಯಾರು ಅಂತ ಕೇಳಿ. ಮೆಸೇಜಿನಲ್ಲೇ ಉತ್ತರ ತೆಗೆದುಕೊಳ್ಳಿ. ಕೊಡದಿದ್ದರೆ ಹಣ ಹಾಕಬೇಡಿ. ಪೋಸ್ಟರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ಹಾಕಿದ ರಸೀದಿ ಇದೆ, ಪೋಸ್ಟರ್ ಇದೆ. ವಿಡಿಯೊ ಇಲ್ಲ. ಆ ರಾತ್ರಿ ಎಡಗಡೆ ಕೂತವರು ಯಾರಾದರೂ ಮೂರನೇ ಹಾಡನ್ನು ಮೊಬೈಲಿನಲ್ಲಿ ತೆಗೆದಿದ್ದರೆ ದಯವಿಟ್ಟು ನನಗೆ ಕಳಿಸಿ. ಪಿಟೀಲಿನವರ ಕೈ ಕಾಣಬೇಕು, ಸದ್ದೂ ಕೇಳಬೇಕು.