ಅಡಿಕೆ ತೋಟದಲ್ಲಿ ಮೆಶ್ ನೆಟ್‌ವರ್ಕ್: ಓಎಲ್‌ಎಸ್‌ಆರ್, ಬ್ಯಾಟ್‌ಮನ್, ಬೇಬಲ್ ಮೂರನ್ನೂ ಬಳಸಿದ ಮೇಲೆ

ಪಂಪ್‌ಹೌಸಿನ ರೌಟರ್ ಲಿಸ್ಟಿನಲ್ಲಿ ಕಾಣುತ್ತಿತ್ತು. ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ) ಕೂಡ ಹೋಗುತ್ತಿತ್ತು. ಕ್ಯಾಮೆರಾದ ಚಿತ್ರ ಮಾತ್ರ ಬರುತ್ತಿರಲಿಲ್ಲ. ಮೂರು ವರ್ಷ ನನ್ನನ್ನು ಕಾಡಿದ್ದು ಇದೊಂದೇ ತೊಂದರೆ, ಈ ವಿಮರ್ಶೆ ಬರೆಯುತ್ತಿರುವುದೂ ಅದಕ್ಕೇ.

ನಮ್ಮದು ಶಿರಸಿ ಕಡೆಯ ತೋಟ. ಐದು ರೌಟರ್ ಇವೆ: ಮನೆ, ಕೊಟ್ಟಿಗೆ, ಪಂಪ್‌ಹೌಸ್, ಗುಡ್ಡದ ಮೇಲಿನ ಚಿಕ್ಕಪ್ಪನ ಮನೆ, ಮತ್ತೆ ಜೀಪು. ಜೀಪಿನದ್ದು 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ಎಲ್ಲವೂ ಸೆಕೆಂಡ್ ಹ್ಯಾಂಡ್, ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ಮುಕ್ತ ರೌಟರ್ ಸಾಫ್ಟ್‌ವೇರ್ ಹಾಕಿದ್ದು. ಕೇಬಲ್ ಎಳೆದರೆ ಇಲಿ, ಮಂಗ, ಸಿಡಿಲು ಯಾವುದೂ ಬಿಡುವುದಿಲ್ಲ. ಹಾಗಾಗಿ ರೌಟರ್‌ಗಳೇ ಕೈಯಿಂದ ಕೈಗೆ ಪ್ಯಾಕೆಟ್ (ಮಾಹಿತಿಯ ತುಂಡು) ದಾಟಿಸಬೇಕು. ಮೆಶ್ ಎಂದರೆ ಇದೇ. ಯಾವ ದಾರಿಯಲ್ಲಿ ದಾಟಿಸಬೇಕು ಎಂದು ತೀರ್ಮಾನಿಸುವ ನಿಯಮಗಳೇ ಪ್ರೋಟೋಕಾಲ್; ಓಎಲ್‌ಎಸ್‌ಆರ್, ಬ್ಯಾಟ್‌ಮನ್, ಬೇಬಲ್ ಅಂಥವು.

ಇಂಜಿನಿಯರಿಂಗ್ ಕೊನೆಯ ವರ್ಷ ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ನೆಟ್‌ವರ್ಕನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎನ್‌ಎಸ್-2 ಸಿಮ್ಯುಲೇಟರಿನಲ್ಲಿ ಎಓಡಿವಿ, ಡಿಎಸ್‌ಆರ್, ಡಿಎಸ್‌ಡಿವಿ ಎಂಬ ಇಂಥದ್ದೇ ಮೂರು ಪ್ರೋಟೋಕಾಲ್‌ಗಳ ಹೋಲಿಕೆ. ಬೇಕಾದಾಗ ಮಾತ್ರ ದಾರಿ ಹುಡುಕುವ ಎಓಡಿವಿಯೇ ನಮ್ಮ ಗ್ರಾಫಿನಲ್ಲಿ ಗೆದ್ದಿತ್ತು. ಆದರೆ ಅಲ್ಲಿ ರೇಡಿಯೋ ಮುಟ್ಟುವ ದೂರ 250 ಮೀಟರ್ ಎಂದು ಮೊದಲೇ ಇರುತ್ತದೆ. 249ಕ್ಕೆ ಪೂರ್ತಿ ಸಿಗುತ್ತದೆ, 251ಕ್ಕೆ ಏನೂ ಇಲ್ಲ. ಅಡಿಕೆ ಮರಗಳ ನಡುವೆ ಅಂಥ ಗೆರೆ ಎಲ್ಲಿದೆ ಹೇಳಿ?

ತೋಟದಲ್ಲಿ ಮೊದಲು ಹಾಕಿದ್ದು ಓಎಲ್‌ಎಸ್‌ಆರ್. ಅದರ ನಿಯಮ ಬರೆದಿಟ್ಟ ದಾಖಲೆ ಆರ್‌ಎಫ್‌ಸಿ 3626ರ ಪ್ರಕಾರ ಪ್ರತಿ 2 ಸೆಕೆಂಡಿಗೆ ಪಕ್ಕದ ರೌಟರ್‌ಗಳಿಗೆ ನಾನಿದ್ದೇನೆ ಎನ್ನುವ ಒಂದು ಹಲೋ, 6 ಸೆಕೆಂಡ್ ಸುದ್ದಿಯೇ ಇಲ್ಲದಿದ್ದರೆ ಪಕ್ಕದವರು ಹೋದರು ಎಂದು ಲೆಕ್ಕ. ಜೀಪು ಕೆರೆ ಏರಿ ದಾಟಿ ತಿರುಗಿದ ಕೂಡಲೇ ಫೋನಿನಲ್ಲಿ ಮಾತು ನಿಲ್ಲುತ್ತಿತ್ತು. ಅದನ್ನು ಹೇಗೋ ಸಹಿಸಿದೆ. ಪಂಪ್‌ಹೌಸಿನದ್ದು ಸಹಿಸಲು ಆಗಲಿಲ್ಲ.

ಎರಡು ವರ್ಷದ ಮೇಲೆ ಬ್ಯಾಟ್‌ಮನ್-ಅಡ್ವ್‌ಗೆ ಬದಲಾಯಿಸಿದೆ. ಜನರೇ ಸೇರಿ ಮುಕ್ತ ವೈರ್‌ಲೆಸ್ ನೆಟ್‌ವರ್ಕ್ ಕಟ್ಟುವ ಬರ್ಲಿನ್ನಿನ ಫ್ರೈಫುಂಕ್ ಬಳಗದಲ್ಲಿ ಹುಟ್ಟಿದ್ದು, 2011ರಿಂದ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇದೆ. ಇಡೀ ತೋಟ ಒಂದು ದೊಡ್ಡ ನೆಟ್‌ವರ್ಕ್ ಸ್ವಿಚ್ (ಎಲ್ಲವನ್ನೂ ಒಂದೇ ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಇದ್ದ ಹಾಗೆ ಆಗಿಬಿಡುತ್ತದೆ. ಮನೆಯಿಂದ ಮಾತಾಡುತ್ತಾ ಕೊಟ್ಟಿಗೆಗೆ ನಡೆದರೂ ಫೋನಿನ ಐಪಿ ಬದಲಾಗುವುದಿಲ್ಲ, ಕರೆ ಕಡಿಯುವುದಿಲ್ಲ.

ಬೆಳಿಗ್ಗೆ ಕಷಾಯದ ಲೋಟ ಹಿಡಿದು ಜಗಲಿಯಲ್ಲಿ ಕೂತು 'ಬ್ಯಾಟ್‌ಸಿಟಿಎಲ್ ಓ' ಎಂಬ ಬ್ಯಾಟ್‌ಮನ್ ಕಮಾಂಡ್ ಹೊಡೆಯುವುದು ನನಗೆ ಈಗ ರೂಢಿ. ಪ್ರತಿ ರೌಟರ್ ಎದುರು ಅದರ ದಾರಿ ಎಷ್ಟು ಚೆನ್ನಾಗಿದೆ ಎನ್ನುವ ಒಂದು ಅಂಕಿ ಬರುತ್ತದೆ, 255 ಎಂದರೆ ಪೂರ್ತಿ. ಮಳೆ ಹಿಡಿದು ಎಲೆ ಒದ್ದೆಯಾದರೆ ಅಂಕಿ ಇಳಿಯುತ್ತದೆ, ಒಂದು ವಾರ ಹೊಳವಾದರೆ ಏರುತ್ತದೆ. ತೋಟದ ನಾಡಿ ಹಿಡಿದು ನೋಡಿದ ಹಾಗೆ. ಇಷ್ಟು ಸಂತೋಷ ಕೊಟ್ಟ ಸಾಫ್ಟ್‌ವೇರ್ ನನಗೆ ಬೇರೆ ಇಲ್ಲ.

ಆದರೂ ಪಂಪ್‌ಹೌಸಿನ ಚಿತ್ರ ಬರಲಿಲ್ಲ! ಅಪ್ಪಯ್ಯ ಮೊಬೈಲ್ ಹಿಡಿದು "ಇವತ್ತೂ ಸುಮ್ನೆ ತಿರುಗ್ತಾ ಇದೆ ನೋಡೋ" ಎನ್ನುತ್ತಿದ್ದರು. ನೀರು ಬಂತೋ ಇಲ್ಲವೋ ನೋಡಲು ಅವರು ಮತ್ತೆ ಇಳಿಜಾರು ಇಳಿದು ಹೋಗಬೇಕು. ಜಾರುವ ಹಾದಿ, ಮಂಡಿ ನೋವು. ನನಗೆ ನಿಜವಾಗಿ ಬೇಸರ ಬಂದದ್ದು ಅದಕ್ಕೆ.

ಕಾರಣ ಕೊನೆಗೂ ಸಿಕ್ಕಿತು. ಹಲೋ ಸಂದೇಶ ಪುಟ್ಟದು, ಎಲ್ಲರಿಗೂ ಒಟ್ಟಿಗೆ ಕೂಗುವಂಥದ್ದು. 2.4 ಗಿಗಾಹರ್ಟ್ಸ್‌ನಲ್ಲಿ ಅದು 1 ಎಂಬಿಪಿಎಸ್ ವೇಗದಲ್ಲಿ ಹೋಗಬಹುದು, ನಿಧಾನವಾದಷ್ಟೂ ಜಾಸ್ತಿ ದೂರ ಮುಟ್ಟುತ್ತದೆ. ವಿಡಿಯೋದ ಪ್ಯಾಕೆಟ್ ದೊಡ್ಡದು, ವೇಗವಾಗಿ ಹೋಗಬೇಕು, ಅಷ್ಟು ದೂರ ತಲುಪುವುದಿಲ್ಲ. ಮನೆಯಿಂದ ಪಂಪ್‌ಹೌಸಿಗೆ ನೇರವಾಗಿ ಹಲೋ ಕೇಳಿಸಿತು ಎಂದು ಪ್ರೋಟೋಕಾಲ್ ಅದೇ ದಾರಿ ಹಿಡಿಯುತ್ತಿತ್ತು, ಕೊಟ್ಟಿಗೆ ಮೂಲಕ ಒಳ್ಳೆಯ ದಾರಿ ಇದ್ದರೂ. 2002ರಲ್ಲೇ ಸ್ವೀಡನ್ನಿನ ಉಪ್ಸಾಲದ ಸಂಶೋಧಕರು ಎಓಡಿವಿಯಲ್ಲಿ ಇದನ್ನು ಗುರುತಿಸಿ 'ಬೂದು ವಲಯ' ಎಂದು ಕರೆದಿದ್ದರು. ನಮ್ಮ ಪ್ರಾಜೆಕ್ಟಿನ ಒಂದು ಗ್ರಾಫಿನಲ್ಲೂ ಇದು ಕಂಡಿರಲಿಲ್ಲ.

ಮದ್ದು ಒಂದೇ ಸಾಲು. ವೈರ್‌ಲೆಸ್ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲು) ಕೂಗುವ ಸಂದೇಶದ ವೇಗ ಹೇಳುವ 'ಎಂಕಾಸ್ಟ್_ರೇಟ್' ಅನ್ನು 12000 ಕೆಬಿಪಿಎಸ್ ಮಾಡಿದೆ. ಕೂಗುವ ಸಂದೇಶವೂ 12 ಎಂಬಿಪಿಎಸ್‌ನಲ್ಲಿ ಹೋಗತೊಡಗಿತು. ದುರ್ಬಲ ದಾರಿಯ ಅಂಕಿ ಕುಸಿಯಿತು, ಪ್ಯಾಕೆಟ್‌ಗಳು ಕೊಟ್ಟಿಗೆ ಬಳಸಿ ಬಂದವು. ಒಂದೇ ಚಾನೆಲ್‌ನಲ್ಲಿ ಎರಡು ಜಿಗಿತವಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೂ ಚಿತ್ರ ನಿಲ್ಲಲಿಲ್ಲ. ಅಪ್ಪಯ್ಯ ಅವತ್ತು ಪೈಪಿನಿಂದ ನೀರು ಬೀಳುವುದನ್ನು ಕಾಲು ಗಂಟೆ ನೋಡಿದರು.

ನಡುವೆ ಆರು ತಿಂಗಳು ಬೇಬಲ್ ಕೂಡ ಓಡಿಸಿದೆ. ದಾರಿ ಬದಲಾಗುವಾಗ ಪ್ಯಾಕೆಟ್ ಸುತ್ತು ಹಾಕದಂತೆ ಬಹಳ ಎಚ್ಚರದಿಂದ ಕಟ್ಟಿದ್ದಾರೆ, ಮೆಮೊರಿಯೂ ಕಡಿಮೆ ಸಾಕು. ಆದರೆ ಅದು ಐಪಿ ಮಟ್ಟದಲ್ಲಿ ಕೆಲಸ ಮಾಡುತ್ತದೆ. ನಾನು ಪ್ರತಿ ರೌಟರಿಗೆ ಬೇರೆ ಬೇರೆ ವಿಳಾಸದ ಸರಣಿ ಕೊಟ್ಟಿದ್ದೆ, ಹಾಗಾಗಿ ಫೋನ್ ಹಿಡಿದು ನಡೆದರೆ ಕರೆ ಕಡಿಯುತ್ತಿತ್ತು. ನಿಮ್ಮ ರೌಟರೂ ಫೋನೂ ಕೂತಲ್ಲೇ ಇರುವುದಾದರೆ ಬೇಬಲ್ ಹಾಕಿ. ಓಡಾಟ ಇದ್ದರೆ ಬ್ಯಾಟ್‌ಮನ್. ಹಾಕಿದ ದಿನವೇ ವೈರ್‌ಲೆಸ್ ಇಂಟರ್‌ಫೇಸಿನ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎನ್ನುವ ಮಿತಿ) 1532 ಬೈಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ದೊಡ್ಡ ಪ್ಯಾಕೆಟ್‌ಗಳನ್ನು ತುಂಡು ಮಾಡಿ ಕಳಿಸಬೇಕಾಗುತ್ತದೆ.

ಚಿಕ್ಕಪ್ಪನ ಮನೆಯ ಅಂಕಿ ಮಾತ್ರ ಮಳೆಗಾಲದಲ್ಲಿ ಈಗಲೂ ಇಳಿಯುತ್ತದೆ. ನಡುವೆ ದೊಡ್ಡ ಹಲಸಿನ ಮರ ಇದೆ. ಅದನ್ನು ಮುಟ್ಟುವ ಮಾತೇ ಇಲ್ಲ. ದೀಪಾವಳಿ ಕಳೆದ ಮೇಲೆ ಕಣದ ಮಾಡಿಗೆ ಆರನೆಯ ರೌಟರ್ ಕಟ್ಟುತ್ತೇನೆ.